ಎದೆಪಟ್ಟಿಯ ಲೆಕ್ಕ ಯಾರದು?

ಗರಡಿಯ ಉಸ್ತಾದನು ಹುಡುಗನ ಮುಖದ ಬಣ್ಣವನ್ನೂ ಉಸಿರಿನ ಏರಿಳಿತವನ್ನೂ ನೋಡಿ, ಇನ್ನು ಸಾಕೆಂದು ಮಣ್ಣಿನಿಂದ ಎಬ್ಬಿಸುತ್ತಿದ್ದುದನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಈಗ ಆ ಕೆಲಸಕ್ಕೆ ಯಂತ್ರಗಳು ಬಂದಿವೆ. ಕೈಗಡಿಯಾರವು ಚರ್ಮದ ಮೇಲೆ ಹಸುರು ಬೆಳಕನ್ನು ಹಾಯಿಸಿ ನಾಡಿಯನ್ನೆಣಿಸುತ್ತದೆ. ಎದೆಪಟ್ಟಿಯು ಹೃದಯದ ವಿದ್ಯುತ್ ಸ್ಪಂದನವನ್ನೇ ಹಿಡಿಯುತ್ತದೆ. ಟೇಕ್ವಾಂಡೋ ಪಂದ್ಯಗಳಲ್ಲಂತೂ 2012ರ ಲಂಡನ್ ಒಲಿಂಪಿಕ್ಸಿನಲ್ಲಿಯೇ ಎದೆಗವಚ, ಕಾಲುಚೀಲಗಳಲ್ಲಿನ ಸಂವೇದಕಗಳು ಒದೆತವನ್ನು ಗುರುತಿಸಿದವು. ಇವುಗಳಿಗೆ ನಾವು ವಿರೋಧಿಗಳಲ್ಲ.

ಆದರೆ ಯಾವ ಯಂತ್ರ ಯಾವ ವಿದ್ಯೆಗೆ ಎಂಬ ವಿವೇಚನೆ ಬೇಡವೆ? ಕುಸ್ತಿ, ಜೂಡೋಗಳಲ್ಲಿ ಮಣಿಕಟ್ಟೇ ಹಿಡಿತದ ಜಾಗ. ಅಲ್ಲಿ ಕಟ್ಟಿದ ಗಡಿಯಾರವು ಸರಿದು ತಪ್ಪುಲೆಕ್ಕ ಕೊಡುವುದಲ್ಲದೆ ಎದುರಾಳಿಯ ಮುಖವನ್ನೂ ಗೀರೀತು. ಎದೆಪಟ್ಟಿ ಮೇಲು, ಅದೂ ಸಾಮು, ಬಸ್ಕಿ, ಓಟಗಳ ವೇಳೆಗೆ ಮಾತ್ರ. ಅದಾದರೂ ನಾಡಿ ಏರಿದೆಯೆಂದು ಹೇಳಬಲ್ಲುದು. ಏರಿದ್ದು ಶ್ರಮದಿಂದಲೋ ತೂಕವಿಳಿಸಲು ನೀರು ಬಿಟ್ಟುದರಿಂದಲೋ ಹೇಳಲಾರದು. 1997ರಲ್ಲಿ ಅಮೆರಿಕೆಯ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕವಿಳಿಸಹೋಗಿಯೇ ಕೆಲವು ವಾರಗಳೊಳಗೆ ಪ್ರಾಣ ಬಿಟ್ಟರು. ಹುಡುಗನನ್ನು ಕೇಳಿಯೇ ತಿಳಿಯಬೇಕಾದ ಸಂಗತಿಯಿದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ವಿದ್ವಾಂಸರು ಆಯಾಸವನ್ನು 6ರಿಂದ 20ರವರೆಗಿನ ಅಂಕದಲ್ಲಿ ಆಟಗಾರನ ಬಾಯಿಂದಲೇ ಹೇಳಿಸುವ ಕ್ರಮವನ್ನು ರೂಢಿಗೆ ತಂದರು. ಅದಕ್ಕೆ ಬೇಕಾದುದು ಒಂದು ನೋಟುಬುಕ್ಕು, ಒಂದು ಪೆನ್ಸಿಲ್ಲು. ಯಂತ್ರ ಕೊಳ್ಳಲಾರದ ಗರಡಿಗಳು ಇಷ್ಟನ್ನಾದರೂ ಮಾಡಬಹುದಷ್ಟೆ.

ನಮ್ಮ ಮುಖ್ಯ ಆಕ್ಷೇಪಣೆ ಬೇರೆಯದು. ವೇಮಗಲ್ಲಿನ ಕಡೆಯ ರೈತನ ಮಗನೊಬ್ಬನು ಬೆಂಗಳೂರಿನ ಶಿಬಿರಕ್ಕೆ ಹೋದನೆನ್ನೋಣ. ಅವನ ನಾಡಿ, ನಿದ್ರೆಗಳ ಲೆಕ್ಕವು ಯಾವುದೋ ಕಂಪೆನಿಯ ಗಣಕಯಂತ್ರವನ್ನು ಸೇರುವುದು. ಅಲ್ಲಿಂದ ಆಯ್ಕೆಗಾರರ ಮೇಜನ್ನು. ಎರಡು ರಾತ್ರಿ ನಿದ್ರೆ ಕೆಟ್ಟಿತೆಂದು ಅವನನ್ನು ಕೈಬಿಟ್ಟರೆ ಕಾರಣ ಕೇಳುವುದು ಯಾರನ್ನು? ಇದೇ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನುಗಳನ್ನು ಜೋಡಿಸಿ ಲೋಕಕ್ಕೆ ಕಳುಹಿಸುತ್ತಿದ್ದಾರೆ. ಇಲ್ಲಿಯ ಹುಡುಗನಿಗೆ ತನ್ನ ಎದೆಯ ಲೆಕ್ಕವೇ ಕಾಣದೆಂದರೆ ವಿಚಿತ್ರವಲ್ಲವೆ!

2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನಿನಲ್ಲಿ ಹದಿನೆಂಟು ವರ್ಷದೊಳಗಿನವರ ವಿಷಯಕ್ಕೆ ತಂದೆತಾಯಿಗಳ ಸಮ್ಮತಿ ಬೇಕೆಂಬ ವಿಧಿಯಿದೆ. ಆ ಸಮ್ಮತಿಪತ್ರ ಇಂಗ್ಲಿಷಿನಲ್ಲಿದ್ದು ತಂದೆಯು ಹೆಬ್ಬೆಟ್ಟು ಒತ್ತಿದರೆ ಅದನ್ನು ಸಮ್ಮತಿಯೆಂದು ನಾವು ಒಪ್ಪಲಾರೆವು. ಕ್ರೀಡಾ ಇಲಾಖೆಯವರು ಪತ್ರವನ್ನು ಕನ್ನಡದಲ್ಲಿ ಮುದ್ರಿಸಲಿ. ಲೆಕ್ಕದ ಪ್ರತಿಯನ್ನು ತಿಂಗಳಿಗೊಮ್ಮೆ ಹುಡುಗನ ಕೈಗೆ ಕೊಡಲಿ. ವೈದ್ಯರು ನೋಡದೆ ಯಂತ್ರದ ಅಂಕಿಯಿಂದಲೇ ಯಾರನ್ನೂ ಶಿಬಿರದಿಂದ ಹೊರಹಾಕಬಾರದೆಂದು ಆಜ್ಞೆ ಹೊರಡಿಸಲಿ.