ಸದ್ದಿಲ್ಲದ ಪಟ್ಟಿ

ಹಳೆಯ ಅಂಬಾಸಡರ್ ಕಾರಿನ ಟೈಮಿಂಗ್ ಚೈನು ಸಡಿಲವಾದರೆ ಗಲಗಲನೆ ಸದ್ದು ಮಾಡಿ ಒಡೆಯನನ್ನು ಎಚ್ಚರಿಸುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಆ ಕೆಲಸ ರಬ್ಬರಿನ ಹಲ್ಲುಪಟ್ಟಿಯ ಪಾಲಾಯಿತು. ಇದಕ್ಕೆ ಎಣ್ಣೆ ಬೇಡ, ಸದ್ದೂ ಇಲ್ಲ. ಕಡಿಯುವಾಗ ಮುನ್ಸೂಚನೆಯೂ ಬಹುಮಟ್ಟಿಗೆ ಇಲ್ಲ.

ತುಮಕೂರಿನಿಂದ ಗುಬ್ಬಿಗೋ ಕುಣಿಗಲಿಗೋ ಹೊರಟ ಕಾರು ಪಟ್ಟಿ ಕಡಿದು ನಡುದಾರಿಯಲ್ಲಿ ಸುಮ್ಮನೆ ನಿಂತರೆ ಅದು ಅದೃಷ್ಟವೇ ಸರಿ. ಕೆಲವು ಇಂಜಿನುಗಳಲ್ಲಿ ಮೇಲೇರುವ ಪಿಸ್ಟನ್ ತೆರೆದ ವಾಲ್ವಿಗೆ ಬಡಿದು ಅದನ್ನು ಬಾಗಿಸಿಬಿಡುವುದು. ಆದುದರಿಂದ ಕೈಪಿಡಿಯು ಹೇಳಿದ ಕಿಲೋಮೀಟರು ಅಥವಾ ವರ್ಷ, ಯಾವುದು ಮೊದಲು ಬರುವುದೋ ಆಗಲೇ ಪಟ್ಟಿಯನ್ನು ಬದಲಾಯಿಸತಕ್ಕದ್ದು.

ಮನೆಯಂಗಳದಲ್ಲಿ ತಾನೇ ಕೈಹಾಕುವವನು ಇಂಜಿನ್ ತಣಿದ ಮೇಲೆ ಬ್ಯಾಟರಿಯ ತಂತಿ ಕಳಚಿ, ಹಳೆಯ ಪಟ್ಟಿ ತೆಗೆಯುವ ಮುನ್ನವೇ ಗುರುತುಗಳನ್ನು ಹೊಂದಿಸಬೇಕು. ಪಿಸ್ಟನ್ನಿನ ಕ್ರ್ಯಾಂಕ್ ಎರಡು ಸುತ್ತು ಬಂದಾಗ ವಾಲ್ವು ತೆರೆಯುವ ಕ್ಯಾಮ್ ಒಂದೇ ಸುತ್ತು ಬರುವುದು. ಇದು ಗಡಿಯಾರದ ಲೆಕ್ಕ, ಎಚ್.ಎಂ.ಟಿ. ಕೈಗಡಿಯಾರಗಳನ್ನು ತಯಾರಿಸಿದ ತುಮಕೂರಿಗೆ ವಿವರಿಸಬೇಕಾದುದಿಲ್ಲ! ಒಂದು ಹಲ್ಲು ತಪ್ಪಿದರೂ ಇಂಜಿನ್ ಮುಗ್ಗರಿಸೀತು. ಹೊಸ ಪಟ್ಟಿಗೆ ಎಣ್ಣೆ ತಾಗಕೂಡದು. ಅದನ್ನು ಮಡಿಸಲೂ ಕೂಡದು.

ಜೋಡಿಸಿದೊಡನೆ ಕೀಲಿ ತಿರುಗಿಸುವ ಆತುರ ಬೇಡ. ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಮೆಲ್ಲನೆ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಪ್ರಯೋಗಿಸದೆ, ಪಟ್ಟಿ ಕಳಚಿ ಮೊದಲಿನಿಂದ ತೊಡಗುವುದು.