ಹಡಗು ಹತ್ತದ ವೈನು

ನಾನಿರುವ ಊರಿನ ಹೆಸರು ತುಂಬ. ಬೆಂಗಳೂರಿನ ನೆಂಟರಿಗೆ ಹಾಗೆಂದರೆ "ತುಂಬ ಏನು?" ಎಂದು ಕೇಳಿ ನಗುತ್ತಾರೆ. ತಿರುವನಂತಪುರದ ಅಂಚಿನ ಈ ಮೀನುಗಾರರ ಊರಿನಿಂದಲೇ 1963ರ ನವೆಂಬರ್ 21ರಂದು ನಮ್ಮ ನೆಲದ ಮೊದಲ ರಾಕೆಟ್ ಹಾರಿದ್ದು ಎಂದು ಪ್ರತಿ ಸಲವೂ ವಿವರಿಸುತ್ತೇನೆ. ಈ ವಾರ ರಾಕೆಟ್ಟಿನ ಸುದ್ದಿ ಬೇಡ, ಹಡಗಿನ ಸುದ್ದಿ ಇದೆ.

ಹೋದ ವಾರ ಬೆಂಗಳೂರಿನಿಂದ ಅಕ್ಕನ ಮಗನ ಫೋನು. "ಮಾವ, ಅಪ್ಪ ಅಮ್ಮನ ಮದುವೆಯಾಗಿ ಮೂವತ್ತು ವರ್ಷ ಆಯ್ತಲ್ಲ, ಕೊಚ್ಚಿಯಿಂದ ಕ್ರೂಸ್ ಬುಕ್ ಮಾಡಿದೀನಿ. ಹಡಗಲ್ಲಿ ಒಂದು ಗ್ಲಾಸ್ ವೈನಿಗೂ ಕೈಸುಡೋ ರೇಟಂತೆ. ನಂದಿ ಬೆಟ್ಟದ ಕಡೆಯದ್ದೇ ಎರಡು ಬಾಟಲಿ ಬ್ಯಾಗಲ್ಲಿ ಹಾಕ್ಕೊಂಡು ಬರ್ಲಾ?"

"ಬೇಡಪ್ಪ" ಅಂದೆ.

"ಯಾಕೆ ಮಾವ?"

ಯಾಕೆ ಎನ್ನುವುದನ್ನು ನಾನು ಕಲಿತದ್ದು ಎರಡು ವರ್ಷದ ಹಿಂದೆ, ಒಂದು ಕೈತೊಳೆಯುವ ಬೇಸಿನ್ನಿನ ಮುಂದೆ ನಿಂತು.

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಚೇಚಿ ಇದ್ದಾರೆ. ರಾಕೆಟ್ ಕೇಂದ್ರಕ್ಕೆ ಜಾಗ ಬಿಟ್ಟುಕೊಟ್ಟು ಪಳ್ಳಿತ್ತುರಕ್ಕೆ ಹೋದ ಕುಟುಂಬಗಳಲ್ಲಿ ಅವರದೂ ಒಂದು. ಆಗ ಅವರು ಚಿಕ್ಕ ಹುಡುಗಿ. ಗಂಡ ಕಡಲಿಗೆ ಹೋಗುತ್ತಿದ್ದವರು, ಈಗಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಚೇಚಿ ಭರಣಿಯಲ್ಲಿ ವೈನ್ ಹಾಕುತ್ತಾರೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್, ಚಕ್ಕೆ, ಲವಂಗ. 21 ದಿನ ದಿನಾ ಮರದ ಸೌಟಿನಲ್ಲಿ ತಿರುವಿ, ಸೋಸಿ, ಮತ್ತೆ 21 ದಿನ ಕತ್ತಲಲ್ಲಿ ಇಡುತ್ತಾರೆ. ನಮ್ಮ ಮನೆಗೆ ಒಂದು ಬಾಟಲಿ ತಪ್ಪದೆ ಬರುತ್ತದೆ.

ಆ ವರ್ಷ ನಾವಿಬ್ಬರೂ ಮೊದಲ ಸಲ ಕ್ರೂಸ್ ಹೊರಟಿದ್ದೆವು. ಚೇಚಿ ಹಳೆಯ ಸ್ಕ್ವಾಷ್ ಬಾಟಲಿಯಲ್ಲಿ ವೈನ್ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಂದುಕೊಟ್ಟರು. "ಹುಟ್ಟಿದಾಗಿನಿಂದ ದಡದಲ್ಲಿ ನಿಂತು ಕಡಲು ನೋಡಿದೀನಿ ಸಾರ್. ಕಡಲಲ್ಲಿ ನಿಂತು ದಡ ನೋಡಿಲ್ಲ. ನನ್ನ ವೈನಾದರೂ ಹೋಗಿ ಬರಲಿ" ಅಂದರು.

ಬೆಳಗಿನ ರೈಲಿಗೆ ಎರ್ನಾಕುಳಂ, ಅಲ್ಲಿಂದ ಆಟೋದಲ್ಲಿ ವಿಲ್ಲಿಂಗ್ಡನ್ ದ್ವೀಪದ ಬಂದರು. ಸ್ಕ್ಯಾನರ್ ದಾಟಿದ ನಮ್ಮ ಬ್ಯಾಗನ್ನು ಪಕ್ಕಕ್ಕೆ ಎಳೆದಿಟ್ಟರು. "ಇದೇನು?" ಎಂದ ಭದ್ರತೆಯ ಹುಡುಗ. "ಜ್ಯೂಸು" ಎಂದಳು ನನ್ನ ಹೆಂಡತಿ. ಅದೇ ಗಳಿಗೆಗೆ ನಾನು "ವೈನ್" ಅಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಹುಡುಗ ಒಳ್ಳೆಯವನೇ. ಅಂಗಡಿಯ ಸೀಲ್ ಇದ್ದಿದ್ದರೆ ಚೀಟಿ ಕೊಟ್ಟು, ಇಳಿಯುವ ದಿನ ವಾಪಸ್ ಕೊಡುತ್ತಿದ್ದೆವು ಸಾರ್, ಲೇಬಲ್ ಇಲ್ಲದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದ. ಬೇಸಿನ್ ತೋರಿಸಿದ. ನಾನೇ ಸುರಿದೆ. ಲವಂಗದ ವಾಸನೆ ಇಡೀ ಸಾಲಿಗೆ ಹರಡಿತು. ಹಿಂದಿದ್ದವರೊಬ್ಬರು "ಅಯ್ಯೋ, ಮನೆ ವೈನು" ಎಂದು ಮಲಯಾಳದಲ್ಲಿ ಲೊಚಗುಟ್ಟಿದರು.

ಹಡಗಿನವರು ಯಾಕೆ ಹೀಗೆ? ನಮ್ಮ ಕಲ್ಯಾಣ ಮಂಟಪಗಳನ್ನು ನೆನೆಸಿಕೊಳ್ಳಿ. ಎಷ್ಟೋ ಕಡೆ ಹೊರಗಿನ ಅಡುಗೆಯವರಿಗೆ ಪ್ರವೇಶವಿಲ್ಲ, ಇದ್ದರೂ ಮಂಟಪಕ್ಕೊಂದು ಮೊತ್ತ ಕಟ್ಟಬೇಕು. ಕ್ರೂಸಿನ ಲೆಕ್ಕವೂ ಅದೇ. ಟಿಕೆಟ್ಟಿನ ದರ ಕೈಗೆಟುಕುವಂತೆ ಇಟ್ಟು, ಬಾರು, ಕ್ಯಾಸಿನೊ, ದಡದ ಪ್ರವಾಸಗಳಲ್ಲಿ ದುಡಿಯುತ್ತಾರೆ. ಇನ್ನೊಂದು ಕಾರಣವೂ ಇದೆ. ಬಾರಿನಲ್ಲಿ ಕುಡಿಯುವವನ ಮೇಲೆ ಒಂದು ಕಣ್ಣಿಡಬಹುದು, ಕ್ಯಾಬಿನ್ ಬಾಗಿಲು ಹಾಕಿಕೊಂಡವನು ಎಷ್ಟು ಕುಡಿದ ಎಂದು ಯಾರಿಗೆ ಗೊತ್ತು? ನಡುಗಡಲಲ್ಲಿ ಪೊಲೀಸರೂ ಇಲ್ಲ, ದೊಡ್ಡಾಸ್ಪತ್ರೆಯೂ ಇಲ್ಲ. ಸಿನಿಮಾ ಮಂದಿರಗಳು ಹೊರಗಿನ ತಿಂಡಿಯನ್ನು ತಡೆಯಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಜಾಗ ಅವರದು, ನಿಯಮ ಅವರದು.

ಎಲ್ಲ ಹಡಗಿನಲ್ಲೂ ಒಂದೇ ನಿಯಮವಿಲ್ಲ ಎನ್ನುವುದನ್ನೂ ಹೇಳಬೇಕು. ಅಮೆರಿಕ ಕಡೆಯ ರಾಯಲ್ ಕೆರಿಬಿಯನ್, ಕಾರ್ನಿವಲ್ ಹಡಗುಗಳಲ್ಲಿ ವಯಸ್ಕರಿಗೆ ತಲೆಗೆ ಒಂದರಂತೆ 750 ಮಿಲಿಲೀಟರಿನ ವೈನ್ ಬಾಟಲಿ ಒಯ್ಯಬಹುದು. ಸೀಲ್ ಒಡೆದಿರಬಾರದು, ಹತ್ತುವ ದಿನ ಕೈಚೀಲದಲ್ಲೇ ಇರಬೇಕು. ವಿಸ್ಕಿ, ರಮ್ಮಿಗೆ ಆ ರಿಯಾಯಿತಿ ಇಲ್ಲ. ನಾರ್ವೇಜಿಯನ್ ಕಂಪನಿಯವರು ಇನ್ನೂ ಉದಾರಿಗಳು, ಆದರೆ ಬಾಟಲಿಗೆ ಇಷ್ಟು ಎಂದು ಕಾರ್ಕೇಜ್ ವಸೂಲಿ ಮಾಡುತ್ತಾರೆ. ಕಾರ್ಕೇಜ್ ಅಂದರೆ ಬಿರಡೆ ತೆಗೆಯುವ ಕೂಲಿ ಅಂದುಕೊಳ್ಳಿ. ವೈನ್ ನಿಮ್ಮದು, ಬಿರಡೆ ನಿಮ್ಮದು, ದುಡ್ಡು ಅವರದು. ನಾವು ಹತ್ತಿದ ಹಡಗಿನಲ್ಲಿ ಇದಾವುದೂ ಇರಲಿಲ್ಲ. ಹೊರಗಿನ ಮದ್ಯ ಪೂರ್ತಿ ನಿಷಿದ್ಧ ಎಂದು ಟಿಕೆಟ್ಟಿನ ಜೊತೆ ಬಂದ ಹಾಳೆಯಲ್ಲಿ ಅಚ್ಚಾಗಿತ್ತು. ಓದಿರಲಿಲ್ಲ, ಅಷ್ಟೆ.

ಅಕ್ಕನ ಮಗನ ತೊಂದರೆ ಹಡಗಿಗಿಂತ ಮೊದಲೇ ಶುರುವಾಗುತ್ತದೆ. ಅವನ ಬಾಟಲಿಯ ಮೇಲೆ ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಎಂದು ಇರುತ್ತದೆ. ಅಂಥದ್ದನ್ನು ಪರವಾನಗಿ ಇಲ್ಲದೆ ಕೇರಳದೊಳಗೆ ತರುವುದು ಅಬಕಾರಿ ಅಪರಾಧ. ತಲಪಾಡಿ, ಮಂಜೇಶ್ವರದ ಕಡೆ ಓಡಾಡುವ ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಮದ್ಯ ಕೊಳ್ಳುವ ವಯಸ್ಸೂ 2017ರಿಂದ 23. ಹಡಗು ಲಕ್ಷದ್ವೀಪಕ್ಕೆ ಹೋದರೆ ಅಲ್ಲಿ ಬಂಗಾರಂ ಬಿಟ್ಟರೆ ಪಾನನಿಷೇಧ. ಮಾಲ್ಡೀವ್ಸಿಗೂ ಹೊರಗಿನಿಂದ ಮದ್ಯ ತರುವಂತಿಲ್ಲ. ಒಂದು ಬಾಟಲಿಗೆ ರಾಜ್ಯದ ಗಡಿ, ಬಂದರಿನ ಸ್ಕ್ಯಾನರ್, ದ್ವೀಪದ ದಡ, ಮೂರು ಕಡೆ ಬಾಗಿಲು.

ಚೇಚಿಯ ವೈನೂ ಕಾನೂನಿನ ಕಣ್ಣಿಗೆ ಸಾಚಾ ಅಲ್ಲ. ಮನೆಯಲ್ಲಿ ವೈನ್ ಮಾಡುವುದು ಅಪರಾಧ ಎಂದು 2019ರ ಕ್ರಿಸ್‌ಮಸ್ಸಿಗೆ ಮುಂಚೆ ಇಲ್ಲಿನ ಅಬಕಾರಿ ಇಲಾಖೆ ಎಚ್ಚರಿಸಿದಾಗ ಊರೆಲ್ಲ ಗೊಣಗಿತ್ತು. ತಮಾಷೆಯೆಂದರೆ ಈ ಕರಾವಳಿಗೆ ವೈನ್ ಬಂದದ್ದೇ ಹಡಗಿನಲ್ಲಿ. ಸುಮಾರು 2000 ವರ್ಷದ ಹಿಂದಿನ ಗ್ರೀಕ್ ನಾವಿಕನ ಕೈಪಿಡಿ 'ಪೆರಿಪ್ಲಸ್', ಮುಜಿರಿಸ್ ಕಡೆಗೆ ಬರುತ್ತಿದ್ದ ಸರಕಿನಲ್ಲಿ ಸ್ವಲ್ಪ ವೈನನ್ನೂ ಸೇರಿಸಿದೆ. ಕೊಚ್ಚಿಯ ಉತ್ತರಕ್ಕಿರುವ ಪಟ್ಟಣಂನಲ್ಲಿ 2007ರಿಂದ ಅಗೆದಾಗ ರೋಮಿನ ಕಡೆಯ ಎರಡು ಹಿಡಿಯ ಜಾಡಿಗಳ ಚೂರುಗಳು ರಾಶಿ ಸಿಕ್ಕವು. ಆ ಜಾಡಿಗಳು ಹಡಗಿನಿಂದ ಇಳಿದವು, ನಮ್ಮದು ಹತ್ತಲೇ ಇಲ್ಲ.

ಪ್ರವಾಸ ಮುಗಿಸಿ ಬಂದ ದಿನವೇ ಚೇಚಿ ಗೇಟಿನ ಹತ್ತಿರ ಬಂದರು. "ಹೇಗಿತ್ತು ಸಾರ್, ನನ್ನ ವೈನು?"

"ತುಂಬ ಚೆನ್ನಾಗಿತ್ತು" ಅಂದುಬಿಟ್ಟೆ. ಕನ್ನಡದಲ್ಲೇ ಬಂತು. ಅವರಿಗೆ ಅರ್ಥವಾಯಿತು. ತಮ್ಮ ವೈನು ದೊಡ್ಡ ಹಡಗಿನಲ್ಲಿ ಕಡಲು ನೋಡಿ ಬಂದಿದೆ ಎಂದು ಮಾರನೆಯ ಭಾನುವಾರ ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿದರು. ಎರಡು ವರ್ಷ ನಾನು ಅವರೆದುರು ಹಡಗಿನ ಮಾತೆತ್ತಲಿಲ್ಲ.

ಅಕ್ಕನ ಮಗನಿಗೆ ಬುದ್ಧಿ ಹೇಳಿ ಫೋನ್ ಇಟ್ಟ ಮೇಲೆ ನನಗೇ ನಾಚಿಕೆಯಾಯಿತು. ಸಂಜೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಚೇಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚೆಲ್ಲುವ ಬದಲು ಅಲ್ಲೇ ನಿಂತು ಇಬ್ಬರೂ ಕುಡಿದುಬಿಡಬಾರದಿತ್ತೆ?" ಅಂದರು. ಆಮೇಲೆ, "ಅವತ್ತೇ ಹೇಳಬಹುದಿತ್ತು ಸಾರ್" ಅಂದರು. ಮೊದಲನೆಯದಕ್ಕೆ ನಗು ಬಂತು. ಎರಡನೆಯದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮನೆಗೆ ಬರುವಾಗ ಹೆಂಡತಿ ಹೇಳಿದಳು: "ಬಾಟಲಿ ಹತ್ತಿಸೋದು ಹೇಗೆ ಅಂತ ಅಷ್ಟು ತಲೆ ಕೆಡಿಸಿಕೊಂಡ್ವಿ. ಚೇಚಿನ ಹತ್ತಿಸೋಣ ಅಂತ ಇಬ್ಬರಿಗೂ ಹೊಳೀಲೇ ಇಲ್ಲ ನೋಡಿ."

ಅಕ್ಕನ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು: ಬುಕಿಂಗ್ ಹಾಳೆಯ ಸಣ್ಣಕ್ಷರ ಓದು. ಬಾಟಲಿ ಮನೆಯಲ್ಲೇ ಬಿಡು, ವಾಪಸ್ ಹೋದ ಮೇಲೆ ಎಲ್ಲರೂ ಸೇರಿ ತೆಗೆಯಿರಿ. ಹಡಗಿನಲ್ಲಿ ಅಪ್ಪ ಅಮ್ಮನಿಗೆ ಒಂದೊಂದು ಗ್ಲಾಸು ನೀನೇ ಕೊಡಿಸು, ಮೂವತ್ತು ವರ್ಷಕ್ಕೆ ಅದೇನು ದುಬಾರಿಯಲ್ಲ.

ಅವರನ್ನು ಬೀಳ್ಕೊಡಲು ನಾವೂ ಕೊಚ್ಚಿಗೆ ಹೋಗುತ್ತಿದ್ದೇವೆ. ಎರ್ನಾಕುಳಂನಿಂದ 'ಸಾಗರರಾಣಿ' ಎಂಬ ಸರ್ಕಾರಿ ದೋಣಿ ಅಳಿವೆ ದಾಟಿ ಕಡಲಿಗೆ ಹೋಗಿಬರುತ್ತದೆ. ಅದರಲ್ಲಿ ಮೂರು ಸೀಟು ಹಿಡಿಯುತ್ತಿದ್ದೇವೆ. ಕಿಟಕಿ ಪಕ್ಕದ್ದು ಚೇಚಿಗೆ. ಏನು ತರಲಿ ಎಂದು ಕೇಳಿದರು. ಬರಿಗೈಲಿ ಬನ್ನಿ ಅಂದಿದ್ದೇನೆ.