ನಮ್ಮ ಜಿಪಿ ದಾಖಲೆ ಸಂಶೋಧನೆಗೆ ಸಿಗಲಿ, ಮಾರಾಟಕ್ಕಲ್ಲ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ಒಂದು ಮನವಿ



ನಿಮ್ಮೊಂದಿಗೆ ಮಾತಾಡುತ್ತಲೇ ಜಿಪಿ ಕೀಲಿಮಣೆ ಒತ್ತುವುದನ್ನು ನೋಡಿದ್ದೀರಿ. ಬಿ.ಪಿ. 148/92. ಮೆಟ್‌ಫಾರ್ಮಿನ್, ಬೆಳಿಗ್ಗೆ ಒಂದು, ರಾತ್ರಿ ಒಂದು. ತಂದೆಗೆ ಅರವತ್ತರೊಳಗೇ ಹೃದಯಾಘಾತ. ಇವೆಲ್ಲ ಕೋಡ್‌ಗಳಾಗಿ ನಿಮ್ಮ ದಾಖಲೆಗೆ ಸೇರಿ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತವೆ. ಹೆಸರು ತೆಗೆದು ಇವನ್ನು ವೈದ್ಯಕೀಯ ಸಂಶೋಧನೆಗೆ ಬಳಸಬಹುದೇ? ಬಳಸಲೇಬೇಕು ಎಂಬುದು ನಮ್ಮ ನಿಲುವು. ಆದರೆ ಹೇಗೆ ಬಳಸುತ್ತಾರೆ, ಯಾರು ಬಳಸುತ್ತಾರೆ ಎಂದು ಕೇಳುವ ಹಕ್ಕನ್ನು ಬಿಟ್ಟುಕೊಟ್ಟು ಅಲ್ಲ.

ಈ ದಾಖಲೆಗಳಿಂದ ಆದ ಉಪಕಾರ

ಜಿಪಿ ದಾಖಲೆಗಳ ಸಂಶೋಧನಾ ಭಂಡಾರ ಇಲ್ಲಿ ಶುರುವಾದದ್ದು 1987ರಲ್ಲಿ. ಇಂದು ಅದು ಸಿಪಿಆರ್‌ಡಿ ಎಂಬ ಹೆಸರಿನಲ್ಲಿ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಯ ಕೈಯಲ್ಲಿದೆ. ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಗುಲ್ಲು ನೆನಪಿದೆಯೇ? 1998ರಲ್ಲಿ ಕೇವಲ 12 ಮಕ್ಕಳ ಮೇಲಿನ ಒಂದು ಲೇಖನದಿಂದ ಹೊತ್ತಿಕೊಂಡ ಭಯ ಅದು. 2004ರಲ್ಲಿ ಸಂಶೋಧಕರು ಇದೇ ಭಂಡಾರದಿಂದ ಆಟಿಸಂ ಇಲ್ಲವೇ ಅದರ ಬಗೆಯ ಬೆಳವಣಿಗೆಯ ತೊಂದರೆಯಿದ್ದ 1,294 ಮಂದಿಯ ದಾಖಲೆಗಳನ್ನು, ಆ ತೊಂದರೆಯಿಲ್ಲದ 4,469 ಮಂದಿಯ ದಾಖಲೆಗಳೊಂದಿಗೆ ಹೋಲಿಸಿ ನೋಡಿದರು. ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಯಾವ ಮಗುವಿಗೂ ಹೊಸದಾಗಿ ಸೂಜಿ ಚುಚ್ಚದೆ, ಯಾರನ್ನೂ ಆಸ್ಪತ್ರೆಗೆ ಕರೆಸದೆ ಸಿಕ್ಕ ಉತ್ತರ ಇದು.

ನಮ್ಮವರಿಗೆ ಇದು ಇನ್ನಷ್ಟು ಮುಖ್ಯ, ಏಕೆ?

ನಲವತ್ತು ದಾಟಿದವರಿಗೆ ಜಿಪಿ ಹೇಳುತ್ತಾರಲ್ಲ, 'ಹತ್ತು ವರ್ಷದಲ್ಲಿ ನಿಮಗೆ ಹೃದಯಾಘಾತ ಇಲ್ಲವೇ ಪಾರ್ಶ್ವವಾಯು ಆಗುವ ಸಾಧ್ಯತೆ ಇಷ್ಟು' ಎಂದು? ಹಿಂದೆ ಆ ಲೆಕ್ಕಕ್ಕೆ ಆಧಾರವಾಗಿದ್ದುದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಅಧ್ಯಯನ. ಅಲ್ಲಿದ್ದವರು ಬಹುಪಾಲು ಬಿಳಿಯರು; ನಮ್ಮವರ ಲೆಕ್ಕವೇ ಅದರಲ್ಲಿರಲಿಲ್ಲ. 2008ರಲ್ಲಿ ಬಂದ ಕ್ಯೂರಿಸ್ಕ್-2 ಎಂಬ ಹೊಸ ಲೆಕ್ಕದ ಸೂತ್ರ ತಯಾರಾದದ್ದು ಇಲ್ಲಿನ ಸುಮಾರು 23 ಲಕ್ಷ ರೋಗಿಗಳ ಜಿಪಿ ದಾಖಲೆಗಳಿಂದ. ಅದರಲ್ಲಿ ಭಾರತೀಯರಿಗೆ ಪ್ರತ್ಯೇಕ ಲೆಕ್ಕವಿದೆ. ನಮಗಿಂತ ಮೊದಲು ಈ ದೇಶಕ್ಕೆ ಬಂದ ಗುಜರಾತಿ, ಪಂಜಾಬಿ, ಕನ್ನಡಿಗ ಹಿರಿಯರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಋಣ ಆ ಲೆಕ್ಕದಲ್ಲಿದೆ.

2020ರಲ್ಲಿ ಓಪನ್‌ಸೇಫ್ಲಿ ಎಂಬ ಸಂಶೋಧನಾ ತಂಡ 1.7 ಕೋಟಿ ವಯಸ್ಕರ ಜಿಪಿ ದಾಖಲೆ ಪರಿಶೀಲಿಸಿತು. ವಯಸ್ಸು, ಇತರ ಕಾಯಿಲೆ, ಬಡತನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ದಕ್ಷಿಣ ಏಷ್ಯಾದವರು ಕೋವಿಡ್‌ನಿಂದ ಸಾಯುವ ಅಪಾಯ ಬಿಳಿಯರಿಗಿಂತ ಹೆಚ್ಚೆಂದು ತಿಳಿದದ್ದು ಆಗಲೇ. ನಾವು ದಾಖಲೆಯಿಂದ ಹೊರಗುಳಿದರೆ ಇಂಥ ಸತ್ಯವೂ ಹೊರಗುಳಿಯುತ್ತದೆ.

ಭಯಕ್ಕೆ ಕಾರಣವಿಲ್ಲವೇ? ಇದೆ

2014ರ ಆರಂಭದಲ್ಲಿ, ಜಿಪಿ ದಾಖಲೆಗಳನ್ನು ಒಂದೆಡೆ ಸೇರಿಸಲು ಹೊರಟ ಕೇರ್.ಡೇಟಾ ಯೋಜನೆಯ ಚೀಟಿ ಇಂಗ್ಲೆಂಡಿನ ಮನೆಮನೆಗೆ ಬಂತು. ಜಾಹೀರಾತು ಕಾಗದಗಳ ನಡುವೆ ಅದು ಅನೇಕರ ಕಣ್ಣಿಗೇ ಬೀಳಲಿಲ್ಲ. ಬೇಡವೆನ್ನುವವರಿಗೆ ಅದರಲ್ಲಿ ಒಂದು ಫಾರಂ ಕೂಡ ಇರಲಿಲ್ಲ. ಅದೇ ಹೊತ್ತಿಗೆ, ಆಸ್ಪತ್ರೆಗಳ ದಾಖಲೆಗಳು ಹಿಂದೆ ವಿಮಾ ಲೆಕ್ಕಿಗರ ಕೈ ಸೇರಿದ್ದ ಸಂಗತಿ ಬಯಲಾಯಿತು. 2016ರಲ್ಲಿ ಯೋಜನೆಯನ್ನು ಮುಚ್ಚಬೇಕಾಯಿತು. 2021ರಲ್ಲಿ ಅಂಥದೇ ಮತ್ತೊಂದು ಯೋಜನೆ ತರಾತುರಿಯಲ್ಲಿ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ 'ನಮ್ಮದು ಬೇಡ' ಎಂದರು, ಅದೂ ನಿಂತಿತು. ಜನ ವಿಜ್ಞಾನವನ್ನು ವಿರೋಧಿಸಲಿಲ್ಲ; ಕೇಳದೆ ಕೈಹಾಕಿದ್ದನ್ನು ವಿರೋಧಿಸಿದರು.

'ಹೆಸರು ತೆಗೆದಿದ್ದೇವೆ' ಎಂಬ ಸಮಾಧಾನವೂ ಸಾಲದು. ಸಣ್ಣ ಊರೊಂದರಲ್ಲಿ ಭಾರತೀಯ ಮೂಲದ ಒಬ್ಬ ತಾಯಿ, ಇಂಥ ವರ್ಷ ಅವಳಿ ಮಕ್ಕಳು, ಜೊತೆಗೆ ಥೈರಾಯ್ಡ್ ಮಾತ್ರೆ. ಇಷ್ಟು ಗೊತ್ತಾದರೆ ಪಕ್ಕದ ಬೀದಿಯವರೇ ಹೆಸರು ಹೇಳಿಬಿಡುತ್ತಾರೆ.

ನಮ್ಮ ಬೇಡಿಕೆಗಳು

1. ದಾಖಲೆಯ ಪ್ರತಿ ಯಾರ ಕೈಗೂ ಹೋಗಬಾರದು. ಸಂಶೋಧಕರೇ ದಾಖಲೆ ಇರುವಲ್ಲಿಗೆ ಬರಲಿ. ಓಪನ್‌ಸೇಫ್ಲಿಯಲ್ಲಿ ಪ್ರಶ್ನೆ ಒಳಗೆ ಹೋಗುತ್ತದೆ, ಒಟ್ಟು ಲೆಕ್ಕದ ಕೋಷ್ಟಕ ಮಾತ್ರ ಹೊರಗೆ ಬರುತ್ತದೆ. ಆರೋಗ್ಯ ದಾಖಲೆಗಳ ಬಳಕೆ ಕುರಿತ 2022ರ ಗೋಲ್ಡೇಕರ್ ವರದಿಯ ಶಿಫಾರಸೂ ಇದೇ ದಾರಿಯದು.
2. ಯಾರು, ಯಾವಾಗ, ಯಾವ ಉದ್ದೇಶಕ್ಕೆ ದಾಖಲೆ ನೋಡಿದರು ಎಂಬ ಪಟ್ಟಿ ಎಲ್ಲರಿಗೂ ತೆರೆದಿರಲಿ.
3. ವಿಮೆ, ಜಾಹೀರಾತು, ವಲಸೆ ಇಲಾಖೆ – ಈ ಮೂವರಿಗೂ ಬಾಗಿಲು ಪೂರ್ತಿ ಮುಚ್ಚಿರಲಿ.
4. ಮಕ್ಕಳ ಮನೆಗೆ ಬಂದು ನೆಲೆಸಿರುವ, ಇಂಗ್ಲಿಷ್ ಓದಲಾಗದ ಅಜ್ಜ-ಅಜ್ಜಿಯರಿಗೆ ಅವರ ಭಾಷೆಯಲ್ಲೇ ವಿಷಯ ತಿಳಿಸಲಿ.

ಈಗ ನೀವು ಮಾಡಬೇಕಾದದ್ದು

ನಿಮ್ಮ ದಾಖಲೆಯ ಎತ್ನಿಸಿಟಿ ಕಾಲಂ ಖಾಲಿ ಇದೆಯೇ ಎಂದು ಸರ್ಜರಿಯಲ್ಲಿ ವಿಚಾರಿಸಿ. ಖಾಲಿಯಿದ್ದರೆ ಕ್ಯೂರಿಸ್ಕ್ ನಿಮ್ಮನ್ನು ಬಿಳಿಯರ ಸಾಲಿಗೇ ಸೇರಿಸಿ ಲೆಕ್ಕ ಹಾಕುತ್ತದೆ. ನಿಮ್ಮ ಅಪಾಯ ಇರುವುದಕ್ಕಿಂತ ಕಡಿಮೆ ಕಂಡೀತು.

ದಾಖಲೆ ಬಳಸುವುದು ಬೇಡವೆನಿಸಿದರೆ ಇಂಗ್ಲೆಂಡಿನಲ್ಲಿ ಎರಡು ದಾರಿಗಳಿವೆ: ಜಿಪಿಗೆ ಕೊಡುವ ಟೈಪ್-1 ಫಾರಂ, ಮತ್ತು 2018ರಿಂದ ಇರುವ ನ್ಯಾಷನಲ್ ಡೇಟಾ ಆಪ್ಟ್-ಔಟ್. ಎರಡರಿಂದಲೂ ನಿಮ್ಮ ಚಿಕಿತ್ಸೆಗೆ ಯಾವ ಧಕ್ಕೆಯೂ ಇಲ್ಲ. ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯಬಹುದು. ಆ ಹಕ್ಕು ನಿಮ್ಮದು. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಸಂದೇಶಕ್ಕೆ ಹೆದರಿ ಇಡೀ ಮನೆಯವರ ಹೆಸರು ತೆಗೆಸಬೇಡಿ.

ನಿಮ್ಮ ಸಂಸದರಿಗೆ ಈ ನಾಲ್ಕು ಬೇಡಿಕೆಗಳನ್ನು ಬರೆಯಿರಿ. ಎನ್‌ಎಚ್‌ಎಸ್‌ನಲ್ಲಿ ದುಡಿಯುವ ಕನ್ನಡಿಗ ವೈದ್ಯರೇ, ನಿಮ್ಮ ಸರ್ಜರಿಯ ಗೋಡೆಯ ಮೇಲೆ ಇವನ್ನು ಅಂಟಿಸಿ. ಯುಗಾದಿ, ರಾಜ್ಯೋತ್ಸವದ ಕೂಟಗಳಲ್ಲಿ ಹತ್ತು ನಿಮಿಷ ಈ ಮಾತಿಗೆ ಕೊಡಿ. ರೋಗಿಗಳೇ ಹಾಕಿದ ಷರತ್ತಿನ ಮೇಲೆ ನಡೆಯುವ ಸಂಶೋಧನೆಯ ದಾಖಲೆಗಳನ್ನು ಮುಂದಿನ ಸರ್ಕಾರವೂ ಸುಲಭಕ್ಕೆ ಮಾರಲಾರದು.

ಓದಿ, ಇನ್ನೊಬ್ಬರ ಕೈಗೆ ದಾಟಿಸಿ.

— ಬ್ರಿಟನ್ನಿನ ಕೆಲವು ಕನ್ನಡಿಗ ರೋಗಿಗಳು ಮತ್ತು ವೈದ್ಯರು